ಹಮ್‌ದರ್ದ್ ಶಾಲೆಯ ಪಂಡಿತ ತಾರಾನಾಥರು

ಬಡಗಣ ದಿಕ್ಕಿನಲ್ಲಿ ಕೃಷ್ಣೆ, ತೆಂಕಣದಲ್ಲಿ ತುಂಗಭದ್ರೆ, ಇವೆರಡರ ನಡುವೆ ಹಬ್ಬಿದ ನಮ್ಮ ರಾಯಚೂರು ಸೀಮೆಯು ಅಕ್ಷರಕ್ಕೆ ಹೊಸದಾದ ನಾಡಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತ ಶಾಸನವು 1915ರಲ್ಲಿ ಬೆಳಕಿಗೆ ಬಂದಾಗ ಜಗತ್ತಿನ ವಿದ್ವಾಂಸರೆಲ್ಲ ಇತ್ತ ತಿರುಗಿ ನೋಡಿದರು. ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದರು. ಮಾನ್ವಿಯಲ್ಲಿ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ರಚಿಸಿದರು. ಶರಣರ ವಚನಗಳನ್ನು ಓಲೆಗರಿಗಳಲ್ಲಿ ಕಾಪಾಡಿಕೊಂಡು ಬಂದ ಮಠಗಳು ಊರೂರಿಗೂ ಇದ್ದವು. ಹೀಗಿದ್ದೂ ಇಪ್ಪತ್ತನೆಯ ಶತಮಾನವು ಕಣ್ದೆರೆದಾಗ ಈ ನೆಲದ ಒಕ್ಕಲು ಮಕ್ಕಳ ಕೈಯಲ್ಲಿ ಪಾಟಿ ಬಳಪಗಳಿರಲಿಲ್ಲ. 1901ರ ಜನಗಣತಿಯ ಪ್ರಕಾರ ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಮೂವರು. ಹೆಣ್ಣುಮಕ್ಕಳನ್ನಷ್ಟೇ ಎಣಿಸಿದರೆ ನೂರಕ್ಕೆ ಒಬ್ಬರೂ ಇರಲಿಲ್ಲ. ಕಲ್ಲಿನ ಮೇಲೆ ಅಕ್ಷರವಿದ್ದು ಮನೆಯೊಳಗೆ ಅಕ್ಷರವಿಲ್ಲದ ಈ ವಿಪರ್ಯಾಸದ ನಡುವೆ ಒಂದು ಶಾಲೆಯನ್ನು ನಿಲ್ಲಿಸಿದ ಮಹನೀಯರು ಪಂಡಿತ ತಾರಾನಾಥರು. ಮಠದ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಮಠದ ಹೊರಗಿನ ಈ ಮಹಾಪುರುಷರ ಚರಿತ್ರೆ ಏತಕ್ಕೆಂದು ಯಾರೂ ಕೇಳಲಾರರೆಂದು ನಂಬಿದ್ದೇನೆ. ರಾಯಚೂರಿನಲ್ಲಿ ಕನ್ನಡ ಕಲಿತ ಯಾರೇ ಆಗಲಿ, ಯಾವ ಶಾಲೆಯಲ್ಲಿಯೇ ಕಲಿತಿರಲಿ, ಅವರ ಋಣದಿಂದ ಮುಕ್ತರಲ್ಲ.

ಅಂದಿನ ಸ್ಥಿತಿಯನ್ನು ಇಂದಿನ ಅಧ್ಯಾಪಕರು ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1911ರಲ್ಲಿ ಪಟ್ಟಕ್ಕೆ ಬಂದಿದ್ದರು. ಕಚೇರಿ, ನ್ಯಾಯಾಲಯ, ಕಂದಾಯದ ದಫ್ತರ, ಎಲ್ಲೆಡೆಯೂ ಉರ್ದುವಿನದೇ ಆಡಳಿತ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದನ್ನು ಉನ್ನತ ವಿದ್ಯೆಯ ಮಾಧ್ಯಮವನ್ನಾಗಿ ಮಾಡಿ ಭಾರತದಲ್ಲಿಯೇ ಮೇಲ್ಪಂಕ್ತಿಯನ್ನು ಹಾಕಿತೆಂಬುದು ನಿಜ. ಆ ಸಾಹಸವನ್ನು ನಾನು ಕಡೆಗಣಿಸುವವನಲ್ಲ. ಆದರೆ ಆ ದೇಶಭಾಷೆ ಸಂಸ್ಥಾನದ ಬಹುಪಾಲು ಪ್ರಜೆಗಳ ಮನೆಮಾತಾಗಿರಲಿಲ್ಲ. ತೆಲುಗರು, ಮರಾಠಿಗರು, ಕನ್ನಡಿಗರು ಪ್ರಾಥಮಿಕ ತರಗತಿಗಳನ್ನು ದಾಟಿದೊಡನೆ ತಮ್ಮ ನುಡಿಯನ್ನು ಶಾಲೆಯ ಹೊಸ್ತಿಲ ಹೊರಗೆ ಬಿಟ್ಟು ಒಳಹೋಗಬೇಕಾಗುತ್ತಿತ್ತು. ತನ್ನ ಹೊಲದ ಕಾಗದವನ್ನು ತಾನೇ ಓದಲಾರದ ರೈತನು ಮಗನಿಗೆ ತಾನೂ ಅರಿಯದ ಭಾಷೆಯಲ್ಲಿ ಪಾಠ ಹೇಳಿಸಬೇಕು. ಮಗನು ಏನು ಕಲಿತನೆಂದು ಕೇಳುವುದಕ್ಕೂ ಆ ತಂದೆಗೆ ದಾರಿಯಿಲ್ಲ. ಮನೆಗೂ ಶಾಲೆಗೂ ನಡುವೆ ಗೋಡೆಯೆದ್ದರೆ ಯಾವ ಬಗೆಯ ವಿದ್ಯೆ ಉಳಿದೀತು? ತಾರಾನಾಥರ ಕಾರ್ಯವನ್ನು ತಿಳಿಯಬೇಕಾದರೆ ಮೊದಲು ಈ ಗೋಡೆಯನ್ನು ಕಾಣಬೇಕು.

ತಾರಾನಾಥರು ಹುಟ್ಟಿದ್ದು 1891ರ ಜೂನ್ 5ರಂದು, ದೂರದ ಮಂಗಳೂರಿನಲ್ಲಿ. ಕನ್ನಡದ ಮೊದಲ ವೃತ್ತಪತ್ರಿಕೆಯು 1843ರಲ್ಲಿ ಅಚ್ಚಾದ ಊರು ಅದು. ಮುದ್ರಣಾಲಯಗಳೂ ಶಾಲೆಗಳೂ ಆ ಕಾಲಕ್ಕಾಗಲೇ ಅಲ್ಲಿ ಬೇರೂರಿದ್ದವು. ವಿದ್ಯೆಯು ಸಮೃದ್ಧವಾಗಿದ್ದ ಕರಾವಳಿಯಿಂದ ವಿದ್ಯೆಗೆ ಬರಗಾಲವಿದ್ದ ಬಯಲುಸೀಮೆಗೆ ಅವರನ್ನು ಕರೆತಂದದ್ದು ವೈದ್ಯಶಾಸ್ತ್ರದ ಹಂಬಲ. ಆ ಶಾಸ್ತ್ರವನ್ನರಸಿ ಅವರು ಹೈದರಾಬಾದಿಗೆ ಬಂದರು. ಅಲೋಪತಿಯ ಪರಿಚಯವನ್ನು ಪಡೆದರೂ ಅಷ್ಟಕ್ಕೇ ತೃಪ್ತರಾಗದೆ ಆಯುರ್ವೇದವನ್ನೂ ಯುನಾನಿಯನ್ನೂ ಅಭ್ಯಾಸಮಾಡಿದರು. ಕನ್ನಡ, ಸಂಸ್ಕೃತ, ಉರ್ದು, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಅವರಿಗೆ ಗತಿಯಿತ್ತು. ಸಂಗೀತವಂತೂ ಅವರ ಉಸಿರಿನಲ್ಲಿಯೇ ಬೆರೆತಿತ್ತು. ಇಷ್ಟೆಲ್ಲ ಬಲ್ಲವರು ಹೈದರಾಬಾದಿನಂತಹ ರಾಜಧಾನಿಯಲ್ಲಿ ನೆಲಸಿ ಸಂಪತ್ತನ್ನೂ ಮನ್ನಣೆಯನ್ನೂ ಗಳಿಸಬಹುದಾಗಿತ್ತು. ಅವರು ಆರಿಸಿಕೊಂಡದ್ದು ರಾಯಚೂರನ್ನು.

ರಾಯಚೂರು ಆಗ ಗುಲ್ಬರ್ಗಾ ಸೂಬೆಗೆ ಸೇರಿದ ಜಿಲ್ಲಾಸ್ಥಳ. ಮುಂಬಯಿ ಮತ್ತು ಮದರಾಸುಗಳ ಕಡೆಯಿಂದ ಬಂದ ರೈಲುದಾರಿಗಳು 1871ರಲ್ಲಿ ಇಲ್ಲಿ ಕೂಡಿದಂದಿನಿಂದ ವ್ಯಾಪಾರಿಗಳು, ವಕೀಲರು, ರೈಲ್ವೆ ನೌಕರರು ಬಂದು ನೆಲಸಿ ಊರು ಬೆಳೆದಿತ್ತು. ಇತ್ತ ದೇವದುರ್ಗ, ಅತ್ತ ಮಾನ್ವಿ, ಸುತ್ತಲಿನ ತಾಲ್ಲೂಕುಗಳ ಜೋಳ ಹತ್ತಿಗಳಿಗೆಲ್ಲ ಇದೇ ಪೇಟೆ. ಆದರೆ ಬಂಡಿ ಹೂಡಿಕೊಂಡು ಹತ್ತಿ ಮಾರಲು ಬರುತ್ತಿದ್ದ ರೈತನಿಗೆ ಮಗನನ್ನು ಓದಿಗೆ ಬಿಟ್ಟುಹೋಗಲು ತನ್ನದೆನ್ನುವ ಒಂದು ಶಾಲೆ ಈ ಪೇಟೆಯಲ್ಲಿರಲಿಲ್ಲ. ಗುಲ್ಬರ್ಗೆಯಲ್ಲಿ 1907ರಷ್ಟು ಹಿಂದೆಯೇ ನೂತನ ವಿದ್ಯಾಲಯವು ಖಾಸಗಿ ಪ್ರಯತ್ನದಿಂದ ಹುಟ್ಟಿತ್ತು. ರಾಯಚೂರಿನಲ್ಲಿ ಆ ಕೊರತೆಯನ್ನು ತುಂಬಿದ್ದು ಇಪ್ಪತ್ತರ ದಶಕದ ಆರಂಭದಲ್ಲಿ ತಾರಾನಾಥರು ಸ್ಥಾಪಿಸಿದ ಹಮ್‌ದರ್ದ್ ಶಾಲೆ.

ಈ ಹೆಸರಿನ ಮುಂದೆ ತುಸು ನಿಲ್ಲಬೇಕು. ಶಬ್ದದ ಹಿಂದೆ ಹೋಗುವುದು ನಮ್ಮಂತಹ ಪಂಡಿತರ ಹಳೆಯ ಚಾಳಿ, ವಾಚಕರು ಸಹಿಸಿಕೊಳ್ಳಬೇಕು. ‘ಹಮ್’ ಎಂಬ ಪಾರಸಿ ಉಪಪದವು ನಮ್ಮ ‘ಸಮ್’ ಎಂಬುದರ ಒಡಹುಟ್ಟು. ಇರಾನಿನ ನುಡಿಗಳಲ್ಲಿ ಸಕಾರವು ಹಕಾರವಾಗುವುದನ್ನು ಭಾಷಾಶಾಸ್ತ್ರ ಬಲ್ಲವರೆಲ್ಲರೂ ಅರಿತಿದ್ದಾರೆ. ‘ದರ್ದ್’ ಎಂದರೆ ನೋವು, ವೇದನೆ. ಎರಡನ್ನೂ ಕೂಡಿಸಿ ಸಂಸ್ಕೃತಕ್ಕೆ ತಿರುಗಿಸಿದರೆ ದೊರೆಯುವುದು ‘ಸಂವೇದನೆ’. ಅರಬ್ಬಿ ಸಮುದ್ರದ ದಡದಲ್ಲಿ ಸಾರಸ್ವತ ಮನೆತನದಲ್ಲಿ ಹುಟ್ಟಿ, ಸಂಸ್ಕೃತವನ್ನು ಬಲ್ಲ, ಪಂಡಿತನೆಂಬ ಬಿರುದನ್ನು ಹೊತ್ತ ಒಬ್ಬ ಹಿಂದುವು ತನ್ನ ಶಾಲೆಗೆ ಪಾರಸಿಯ ಹೆಸರನ್ನಿಟ್ಟದ್ದು ದೊರೆಯನ್ನು ಮೆಚ್ಚಿಸುವುದಕ್ಕಲ್ಲ. ಹಾಗೇನಾದರೂ ಆಗಿದ್ದರೆ ಮುಂದೆ ಅವರು ಆ ದೊರೆಯ ಕೆಂಗಣ್ಣಿಗೆ ಗುರಿಯಾಗುತ್ತಿರಲಿಲ್ಲ. ಕನ್ನಡಕ್ಕೆ ಸ್ಥಾನ ಬೇಕೆಂದು ಹಟ ಹಿಡಿದವರಿಗೆ ಉರ್ದುವಿನ ಮೇಲೆ ದ್ವೇಷವಿರಲಿಲ್ಲ ಎಂಬುದಕ್ಕೆ ಶಾಲೆಯ ಬಾಗಿಲ ಮೇಲಿನ ಈ ಹೆಸರೇ ಸಾಕ್ಷಿ. ಒಂದೇ ಪದದಲ್ಲಿ ಹಿಂದೂ ಮುಸಲ್ಮಾನ ಮನೆಗಳೆರಡನ್ನೂ ಅವರು ಕರೆದರು.

ಆ ಕರೆಗೆ ಓಗೊಡುವುದು ಪೋಷಕರಿಗೆ ಸುಲಭವಾಗಿರಲಿಲ್ಲ. ಈ ಲೇಖನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ಇಲ್ಲಿಯೇ. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ನಾವು ಸ್ಥಾಪಕರ ಭಾವಚಿತ್ರಕ್ಕೆ ಮಾಲೆ ಹಾಕಿ ಮುಗಿಸಿಬಿಡುತ್ತೇವೆ. ಅವರನ್ನು ನಂಬಿ ಮೊದಲ ದಿನ ಮಗುವಿನ ಕೈಹಿಡಿದು ಬಂದ ತಾಯಿತಂದೆಗಳನ್ನು ಮರೆಯುತ್ತೇವೆ. ಸರಕಾರಿ ಶಾಲೆಯಲ್ಲಿ ಉರ್ದು ಕಲಿತ ಹುಡುಗನಿಗೆ ಕಚೇರಿಯಲ್ಲೊಂದು ಗುಮಾಸ್ತಿಕೆ, ಪೋಲೀಸು ಠಾಣೆಯಲ್ಲೊಂದು ಮುನ್ಷಿಗಿರಿ ಸಿಕ್ಕುವ ಆಸೆಯಿತ್ತು. ಅಧಿಕಾರಿಗಳ ಅನುಮಾನದ ನೆರಳಿನಲ್ಲಿ ನಡೆಯುವ ಖಾಸಗಿ ಶಾಲೆಯಲ್ಲಿ ಕಲಿತವನಿಗೆ ಆ ಭರವಸೆ ಎಲ್ಲಿಯದು? ನೌಕರಿಯಲ್ಲಿದ್ದ ತಂದೆಗೆ ಮಗನನ್ನು ಅಲ್ಲಿಗೆ ಕಳುಹಿಸುವುದೇ ಮೇಲಧಿಕಾರಿಯ ಮುನಿಸಿಗೆ ಕಾರಣವಾಗಬಹುದಿತ್ತು. ಬೊಕ್ಕಸದ ನೆರವಿಲ್ಲದ ಶಾಲೆಯ ಖರ್ಚು ಊರವರ ಕೈಯಿಂದಲೇ ಬರಬೇಕು. ಶಾಲೆಗೆ ಮಗುವನ್ನೂ ಕೊಟ್ಟು, ಹಣವನ್ನೂ ಕೊಟ್ಟು, ಅದರ ಮೇಲೆ ಬರುವ ಅಪಾಯದಲ್ಲಿಯೂ ಪಾಲು ಹೊರುವುದೆಂದರೆ ನಿಜವಾದ ಹಮ್‌ದರ್ದಿಯೇ ಸರಿ. ಶಾಲೆಗೆ ಇಟ್ಟ ಹೆಸರು ಗುರುಗಳಿಗಿಂತಲೂ ಮೊದಲು ಈ ಪೋಷಕರಿಗೆ ಒಪ್ಪುತ್ತದೆ.

ಇಷ್ಟು ದೊಡ್ಡ ನಂಬಿಕೆಯನ್ನು ಪರಊರಿನಿಂದ ಬಂದ ಒಬ್ಬ ತರುಣನು ಹೇಗೆ ಗಳಿಸಿದನು? ತಾರಾನಾಥರು ವೈದ್ಯರಾಗಿದ್ದರೆಂಬುದನ್ನು ನೆನೆದರೆ ಉತ್ತರ ತಾನಾಗಿ ಹೊಳೆಯುತ್ತದೆ. ಪ್ಲೇಗು, ಕಾಲರಾಗಳು ವರ್ಷವರ್ಷವೂ ಸುಳಿಯುತ್ತಿದ್ದ ಕಾಲವದು. 1918ರ ಇನ್‌ಫ್ಲುಯೆಂಜಾ ಜ್ವರವಂತೂ ದೇಶದ ಮನೆಮನೆಯನ್ನೂ ಹೊಕ್ಕು ಹೋಗಿತ್ತು. ಬಡವರಿಗೆ ಮದ್ದು ಕೊಡುವುದನ್ನು ತಾರಾನಾಥರು ವ್ರತವನ್ನಾಗಿ ಮಾಡಿಕೊಂಡಿದ್ದರು. ರೋಗಿಯ ಮಂಚದ ಬಳಿ ಕುಳಿತವನಿಗೆ ಆ ಮನೆಯ ಒಲೆ, ನೀರು, ಜಗಳ, ಸಾಲ ಎಲ್ಲವೂ ತಿಳಿಯುತ್ತವೆ. ಶಾಲೆಗೆ ಬಂದ ಹುಡುಗನು ಯಾವ ಮನೆಯಿಂದ ಬಂದನು, ಹೊಟ್ಟೆಗೆ ಉಂಡು ಬಂದನೋ ಇಲ್ಲವೋ ಎಂದು ಅಂತಹ ಗುರುವಿಗೆ ಬೇರೆ ಕೇಳಬೇಕಾಗಿಲ್ಲ. ಪೋಷಕರನ್ನು ಶಾಲೆಗೆ ಕರೆಸುವ ಮೊದಲು ಶಾಲೆಯ ಮುಖ್ಯಸ್ಥನೇ ಪೋಷಕರ ಮನೆಯೊಳಗೆ ಕಾಲಿಟ್ಟಿದ್ದನು. ಈಗ ನಾವು ವರ್ಷಕ್ಕೆರಡು ಸಲ ಪಾಲಕರ ಸಭೆಯನ್ನು ಕೂಡಿಸಿ, ಅಂಕಪಟ್ಟಿಯನ್ನು ಓದಿ ಹೇಳಿ, ಸಹಿ ಹಾಕಿಸಿಕೊಂಡು, ಚಹಾ ಕೊಟ್ಟು ಕಳುಹಿಸುತ್ತೇವೆ. ಮನೆಯ ಕಡೆಗೆ ನಡೆಯುವ ಅಧ್ಯಾಪಕನನ್ನು ಕಾಣುವುದು ಅಪರೂಪ. ಮೂರು ದಶಕ ಪಾಠ ಹೇಳಿದವನಾಗಿ ಈ ಮಾತನ್ನು ನನ್ನನ್ನೂ ಸೇರಿಸಿಕೊಂಡೇ ಬರೆಯುತ್ತಿದ್ದೇನೆ.

ಸರಕಾರವು ಇದನ್ನೆಲ್ಲ ಕಣ್ಮುಚ್ಚಿ ನೋಡುತ್ತ ಕೂಡಲಿಲ್ಲ. ಸಭೆ ಸೇರಬೇಕಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ‘ಗಷ್ತಿ ನಿಶಾನ್ 53’ ಎಂಬ ಸುತ್ತೋಲೆಯು ಸಂಸ್ಥಾನದ ಸಾರ್ವಜನಿಕ ಜೀವನದ ಕೊರಳು ಹಿಸುಕಿತು. ಖಾಸಗಿ ಶಾಲೆಗಳನ್ನು ತೆರೆಯುವುದಕ್ಕೂ ನಡೆಸುವುದಕ್ಕೂ ಅಪ್ಪಣೆ ಬೇಕೆಂಬ ಕಟ್ಟಳೆ ಇಪ್ಪತ್ತರ ದಶಕದಲ್ಲಿ ಬಂದೊಡನೆ ಊರೂರುಗಳಲ್ಲಿ ಜನರು ತಾವೇ ನಡೆಸಿಕೊಂಡು ಬಂದಿದ್ದ ಪಾಠಶಾಲೆಗಳು ಸಾಲುಸಾಲಾಗಿ ಮುಚ್ಚಿದವು. ಹತ್ತು ಮಂದಿ ತಂದೆಯರು ಒಂದೆಡೆ ಕುಳಿತು ಮಕ್ಕಳ ಓದಿನ ಮಾತನ್ನಾಡಿದರೂ ರಾಜದ್ರೋಹದ ವಾಸನೆ ಹಿಡಿಯುವ ಮೂಗುಗಳಿದ್ದ ಕಾಲ. ತಾರಾನಾಥರ ಮಾತು ಹರಿತ. ಲೇಖನಿ ಅದಕ್ಕಿಂತ ಹರಿತ. ನಿಜಾಮೀ ಆಡಳಿತದ ತಪ್ಪುಗಳನ್ನು ಅವರು ಮುಚ್ಚಿಟ್ಟು ಹೇಳುವವರಲ್ಲ. ಕಡೆಗೆ ಅವರಿಗೆ ನಿಜಾಮನ ಸೀಮೆಯಲ್ಲಿ ನೆಲೆನಿಲ್ಲುವುದು ಅಸಾಧ್ಯವಾಯಿತು. ತಾವು ಹುಟ್ಟಿಸಿದ ಶಾಲೆ ಇನ್ನೂ ಎಳೆಯದಾಗಿರುವಾಗಲೇ ಅದನ್ನು ಊರವರ ಕೈಗೆ ಬಿಟ್ಟು ಅವರು ಹೊರಡಬೇಕಾಯಿತು.

ಹೊರಟವರು ಬಹುದೂರ ಹೋಗಲಿಲ್ಲ. ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಹೋಗುವ ರೈಲು ತುಂಗಭದ್ರೆಯ ಸೇತುವೆಯನ್ನು ದಾಟಿದೊಡನೆ ತುಂಗಭದ್ರಾ ಎಂಬ ಊರು ಬರುತ್ತದೆ. ಈಗ ಅದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಗೆ ಸೇರಿದೆ. ಅಂದು ಹೊಳೆಯ ಆ ದಡವು ಬ್ರಿಟಿಷರ ಮದರಾಸು ಪ್ರಾಂತಕ್ಕೆ ಸೇರಿತ್ತು. ನಿಜಾಮನ ಕಾಯಿದೆ ಆ ನೀರನ್ನು ದಾಟುವಂತಿರಲಿಲ್ಲ. ಅಲ್ಲಿ ತಾರಾನಾಥರು ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿದರು. ರಾಯಚೂರಿಗೆ ಬರಲಾಗದಿದ್ದರೂ ರಾಯಚೂರಿನವರು ಬಂದು ಕಾಣಬಹುದಾದಷ್ಟು ಹತ್ತಿರದಲ್ಲಿ ಅವರು ನೆಲೆಯೂರಿದ್ದನ್ನು ನೋಡಿದರೆ ಆ ಶಾಲೆಯ ಮೇಲಿನ ಮಮತೆಯೇ ಸ್ಥಳವನ್ನು ಆರಿಸಿತೋ ಎಂದೆನಿಸುತ್ತದೆ. ಆಶ್ರಮದಿಂದ ‘ಪ್ರೇಮ’ ಎಂಬ ಪತ್ರಿಕೆ ಹೊರಟಿತು. ಚಿಕಿತ್ಸೆ, ಸಂಗೀತ, ನಾಟಕ, ಯೋಗ ಎಲ್ಲವೂ ಅಲ್ಲಿ ಒಂದೇ ಸೂರಿನಡಿ ಕೂಡಿದವು. ಪ್ರಸಿದ್ಧ ನಟ ಬಳ್ಳಾರಿಯ ರಾಘವಾಚಾರ್ಯರು ಅವರ ಆಪ್ತರಾದರು. ನೇಕಾರ ಸಂತ ಕಬೀರರನ್ನು ಕುರಿತು ತಾರಾನಾಥರು ‘ದೀನಬಂಧು ಕಬೀರ’ ಎಂಬ ನಾಟಕವನ್ನು ರಚಿಸಿದರು. ಎರಡು ಮತಗಳವರೂ ತಮ್ಮವನೆಂದು ಎಳೆದಾಡಿದ ಆ ಸಂತನನ್ನು ಹಮ್‌ದರ್ದ್ ಶಾಲೆಯ ಸ್ಥಾಪಕರು ನಾಯಕನನ್ನಾಗಿ ಆರಿಸಿಕೊಂಡದ್ದು ಸಹಜವೇ ಆಗಿದೆ. ಇದೇ ಕಾಲಘಟ್ಟದಲ್ಲಿ ಅವರು ಸುಮತಿಬಾಯಿಯವರ ಕೈಹಿಡಿದರು. ಆಕೆ ತಮಿಳು ಮನೆಮಾತಿನವರು, ವಿದ್ಯಾವಂತೆ, ಸ್ತ್ರೀಯರ ಹಕ್ಕಿಗಾಗಿ ದನಿಯೆತ್ತಿದವರು. ಜಾತಿ ಭಾಷೆಗಳ ಎಲ್ಲೆಯನ್ನು ಮೀರಿದ ಆ ಮದುವೆಯು ಅಂದಿನ ಸಮಾಜದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಇತ್ತ ರಾಯಚೂರಿನಲ್ಲಿ ಶಾಲೆ ಏನಾಯಿತು? ಸ್ಥಾಪಕನು ಕಣ್ಮರೆಯಾದೊಡನೆ ಸಂಸ್ಥೆಯೂ ಮಣ್ಣುಗೂಡುವ ನಿದರ್ಶನಗಳನ್ನು ನಮ್ಮ ಸೀಮೆಯಲ್ಲಿ ಎಷ್ಟು ಬೇಕಾದರೂ ಕಾಣಬಹುದು. ಹಮ್‌ದರ್ದ್ ಶಾಲೆ ಹಾಗಾಗಲಿಲ್ಲ. ತಾರಾನಾಥರು ಹೋದರು, ಅಧ್ಯಾಪಕರೂ ಪೋಷಕರೂ ಊರಿನ ಹಿರಿಯರೂ ಉಳಿದರು. ಸರಕಾರದ ಕಣ್ಗಾವಲಿನ ನಡುವೆ, ಹಣದ ಮುಗ್ಗಟ್ಟಿನ ನಡುವೆ ಅವರು ಶಾಲೆಯ ಬಾಗಿಲನ್ನು ತೆರೆದೇ ಇಟ್ಟರು. ಒಬ್ಬ ವ್ಯಕ್ತಿಯ ತೇಜಸ್ಸಿನಿಂದಲೇ ಶಾಲೆ ನಡೆಯುತ್ತಿದ್ದಿದ್ದರೆ ಆ ವ್ಯಕ್ತಿಯನ್ನು ಹೊಳೆ ದಾಟಿಸಿದಾಗಲೇ ಸರಕಾರದ ಕೆಲಸ ಮುಗಿಯುತ್ತಿತ್ತು. ಶಾಲೆ ನೂರಾರು ಮನೆಗಳಲ್ಲಿ ಹಂಚಿಹೋಗಿತ್ತು; ಅಷ್ಟು ಮನೆಗಳನ್ನು ಗಡಿಯಾಚೆ ಅಟ್ಟಲು ಯಾವ ಆಡಳಿತದಿಂದಲೂ ಆಗದು. ತಾರಾನಾಥರು ರಾಯಚೂರಿನಲ್ಲಿ ಮಾಡಿದ ಕಾರ್ಯಗಳಲ್ಲೆಲ್ಲ ದೊಡ್ಡದು ಇದೇ ಎಂದು ನನ್ನ ತಿಳಿವಳಿಕೆ. ಅವರ ವಿದ್ವತ್ತು, ವೈದ್ಯ, ವಾಗ್ಮಿತೆಗಳೆಲ್ಲ ಇದರ ಮುಂದೆ ಎರಡನೆಯವು.

1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ನೆರೆಯಿತು. ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಪಂಜೆ ಮಂಗೇಶರಾಯರು. ಅವರೂ ತಾರಾನಾಥರ ಕರಾವಳಿಯವರೇ, ಮಕ್ಕಳಿಗಾಗಿ ಹಾಡು ಕಥೆಗಳನ್ನು ಬರೆದು, ಶಾಲೆಗಳಲ್ಲಿ ಬಾಳನ್ನು ಸವೆಸಿದವರು. ಉರ್ದುವಿನ ಆಳ್ವಿಕೆಯಲ್ಲಿದ್ದ ಊರಿನಲ್ಲಿ ಕನ್ನಡದ ಅಷ್ಟು ದೊಡ್ಡ ಸಭೆ ಕೂಡಬೇಕಾದರೆ ಕನ್ನಡವನ್ನು ಓದಬಲ್ಲ, ಬಯಸಬಲ್ಲ ಒಂದು ತಲೆಮಾರು ಇಲ್ಲಿ ಆಗಲೇ ಸಿದ್ಧವಾಗಿರಬೇಕಷ್ಟೆ. ಆ ತಲೆಮಾರನ್ನು ಸಿದ್ಧಪಡಿಸಿದ ಕೈಗಳಲ್ಲಿ ಹಮ್‌ದರ್ದ್ ಶಾಲೆಯದು ಮೊದಲನೆಯದು. ಮುಂದೆ ಹೈದರಾಬಾದ್ ವಿಮೋಚನೆಯ ಹೋರಾಟವು ಬಿರುಸುಗೊಂಡಾಗ ಆ ಶಾಲೆಯ ಅಂಗಳದಿಂದ ಹೊರಬಿದ್ದ ತರುಣರು ಹಿಂದೆ ಸರಿಯಲಿಲ್ಲ.

ತಾರಾನಾಥರು ತಂದೆಯಾಗಿಯೂ ಗುರುವಾಗಿಯೇ ನಡೆದುಕೊಂಡರೆಂಬುದಕ್ಕೆ ಅವರ ಮಗನ ಜೀವನವೇ ನಿದರ್ಶನ. 1932ರ ಅಕ್ಟೋಬರ್ 17ರಂದು ಹುಟ್ಟಿದ ರಾಜೀವರಿಗೆ ಸಂಗೀತದ ಮೊದಲ ಪಾಠ ಮನೆಯಲ್ಲಿಯೇ, ತಂದೆಯಿಂದಲೇ ಆಯಿತು. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿದ್ದ ರಾಜೀವ ತಾರಾನಾಥರು ಆ ವೃತ್ತಿಯನ್ನು ತೊರೆದು ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದ್ ವಾದನದಲ್ಲಿ ಜಗತ್ಪ್ರಸಿದ್ಧರಾದರು. 2019ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಭಾಜನರಾಗಿ 2024ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಹಮ್‌ದರ್ದ್ ಎಂದು ಶಾಲೆಗೆ ಹೆಸರಿಟ್ಟ ಪಂಡಿತರ ಮಗನು ಮುಸಲ್ಮಾನ ಉಸ್ತಾದರ ಪಾದದಡಿ ಕುಳಿತು ವಿದ್ಯೆ ಕಲಿತದ್ದನ್ನು ನೋಡಲು ತಂದೆ ಇರಲಿಲ್ಲ. ರಾಜೀವರಿಗೆ ಹತ್ತು ತುಂಬಿದ ಕೆಲವೇ ದಿನಗಳಲ್ಲಿ, 1942ರ ಅಕ್ಟೋಬರ್ 30ರಂದು ತಾರಾನಾಥರು ದೇಹವನ್ನು ಬಿಟ್ಟರು. ಆಗ ಅವರಿಗೆ ಐವತ್ತೊಂದು ವರ್ಷ. ರಾಯಚೂರು ನಿಜಾಮನ ಆಳ್ವಿಕೆಯಿಂದ ಹೊರಬರಲು ಇನ್ನೂ ಆರು ವರ್ಷಗಳಿದ್ದವು; ಕನ್ನಡ ನಾಡಿನೊಡನೆ ಒಂದಾಗಲು ಹದಿನಾಲ್ಕು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಕನ್ನಡ ಓದುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲದ ಕಾಲ ಬಂದಿತು. ಊರಿನವರು ತಾರಾನಾಥ ಶಿಕ್ಷಣ ಸಂಸ್ಥೆಯೆಂಬ ಹೆಸರಿನಲ್ಲಿ ಅವರ ಕಾರ್ಯವನ್ನು ಕಾಲೇಜಿನವರೆಗೆ ಬೆಳೆಸಿದರು. ಲಕ್ಷ್ಮೀ ವೆಂಕಟೇಶ ದೇಸಾಯಿ ಕಾಲೇಜನ್ನು ನಡೆಸುತ್ತಿರುವುದು ಇದೇ ಸಂಸ್ಥೆ. ದಾನಿಯ ಹೆಸರೂ ಸ್ಥಾಪಕರ ಹೆಸರೂ ಒಂದೇ ಫಲಕದ ಮೇಲೆ ನಿಂತಿರುವುದು ನನಗೆ ಬಹಳ ಹಿತವಾಗಿ ಕಾಣುತ್ತದೆ.

ಮಕ್ಕಳ ಶಿಕ್ಷಣದ ಹಕ್ಕನ್ನು ಕುರಿತ 2009ರ ಕಾಯಿದೆಯು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಆಡಳಿತ ಸಮಿತಿಗಳಿರಬೇಕೆಂದೂ, ಸದಸ್ಯರಲ್ಲಿ ಮುಕ್ಕಾಲು ಪಾಲು ತಾಯಿತಂದೆಗಳೇ ಆಗಿರಬೇಕೆಂದೂ, ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಸಲ್ಲಬೇಕೆಂದೂ ವಿಧಿಸಿತು. ತಾರಾನಾಥರ ಕಾಲದಲ್ಲಿ ಯಾವುದು ಸರಕಾರದ ಸಂಶಯಕ್ಕೆ ಕಾರಣವಾಗಿತ್ತೋ ಅದನ್ನು ಈಗ ಸರಕಾರವೇ ಕೈಮುಗಿದು ಬೇಡುತ್ತಿದೆ. ಆದರೂ ದೇವದುರ್ಗದ ಕಡೆಯ ಹಳ್ಳಿಗಳಲ್ಲಿ ಹತ್ತಿ ಬಿಡಿಸುವ ತಿಂಗಳು ಬಂದರೆ ತರಗತಿಗಳು ತೆಳುವಾಗುತ್ತವೆ. ಕುಟುಂಬಗಳು ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೊರಟಾಗ ಹಾಜರಿ ಪುಸ್ತಕದಲ್ಲಿ ಹೆಸರಷ್ಟೇ ಉಳಿಯುತ್ತದೆ. ಮಾನ್ವಿಯ ಕಾಲುವೆ ನೀರಿನ ಗದ್ದೆಗಳಲ್ಲಿ ನಾಟಿಯ ಸಮಯಕ್ಕೆ ಹೆಣ್ಣುಮಕ್ಕಳ ಓದು ನಿಲ್ಲುತ್ತದೆ. ನಂಜುಂಡಪ್ಪ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯು ಈ ಎರಡು ತಾಲ್ಲೂಕುಗಳನ್ನೂ ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿ ಎಣಿಸಿತ್ತು. ಅಂತಹ ಮನೆಯ ತಂದೆಗೆ ಸಭೆಯ ಸೂಚನಾಪತ್ರವನ್ನು ಮಗುವಿನ ಕೈಯಲ್ಲಿ ಕಳುಹಿಸಿದರೆ ಅದು ಪುಸ್ತಕದ ನಡುವೆಯೇ ಮಡಚಿಕೊಂಡಿರುತ್ತದೆ. ಆ ಮನೆಗೆ ಹೋಗಿ ಪಡಸಾಲೆಯಲ್ಲಿ ಕುಳಿತು ಮಾತನಾಡುವ ಅಧ್ಯಾಪಕರು ನಮ್ಮಲ್ಲಿ ಇಲ್ಲದಿಲ್ಲ. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಗುಳೆ ಹೋಗುವಂತೆ ತಾಯಿಯನ್ನು ಒಪ್ಪಿಸಿ, ಆ ಮಗುವಿಗೆ ಮಠದ ಪ್ರಸಾದ ನಿಲಯದಲ್ಲಿ ಊಟದ ಏರ್ಪಾಡು ಮಾಡಿಸಿದವರನ್ನು ನಾನು ಬಲ್ಲೆ. ಅವರಲ್ಲಿ ಕೆಲವರು ತಾರಾನಾಥರ ಹೆಸರನ್ನು ಕೇಳಿಯೂ ಇರಲಾರರು.